ಆಲ್ಡರ್ ಬೆಂಡಿನ ಬುಧವಾರಗಳು

ಟೂಸಾನ್, ಅರಿಜೋನಾ
ನವೆಂಬರ್ 2, 1995

ಶ್ರೀಮತಿ ಕೀಲರ್ ಅವರಿಗೆ,

ನಿಮ್ಮ ಮನೆಯ ವಿಳಾಸ ನನಗೆ ಗೊತ್ತಿಲ್ಲ. ನಿಮ್ಮ ಹೇರ್ ಸಲೂನಿನ ಹೆಸರು ಬರೆದು ಹಾಕಿದ್ದೇನೆ. ಊರು ಚಿಕ್ಕದು, ತಲುಪುತ್ತದೆ. ನಾನು ಡೆಲ್ಬರ್ಟ್ ಹೌಗನ್. ಹೆಸರು ಹೇಳಿದರೆ ಗುರುತು ಸಿಗಲಿಕ್ಕಿಲ್ಲ. ಆಲ್ಡರ್ ಬೆಂಡ್ ಪಾರ್ಕಿನಲ್ಲಿ ಪ್ರತಿ ಬುಧವಾರ ನಿಮ್ಮ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವನು. ನೀಲಿ ಪಿಕಪ್, ಮೀನಿನ ಗಾಳ, ಫ್ಲಾಸ್ಕಿನಲ್ಲಿ ಕಾಫಿ.

ಸೆಪ್ಟೆಂಬರಿನ ಕೊನೆಯ ಬುಧವಾರ ನಾನು ನಿಮಗೆ "ಮಳೆ ಬರೋ ಹಾಗಿದೆ" ಎಂದೆ. ನಿಜವಾಗಿ ಹೇಳಬೇಕೆಂದಿದ್ದುದು, ಊರು ಬಿಡುತ್ತಿದ್ದೇನೆ ಎಂದು. ಎದೆಯ ತೊಂದರೆ. ಒರೆಗಾನಿನ ತೇವ ಆಗದು, ಒಣಹವೆಗೆ ಹೋಗಿ ಎಂದರು ಡಾಕ್ಟರು. ಮಗಳು ಜೋಲೀನ್ ಇಲ್ಲಿದ್ದಾಳೆ. ಬಂದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಪಾರ್ಕ್ ಹೇಗಿದೆ ಎಂದು ಒಂದು ಸಾಲು ಬರೆದರೆ ಉಪಕಾರವಾದೀತು.

ವಿಶ್ವಾಸಿ,
ಡೆಲ್ಬರ್ಟ್ ಹೌಗನ್


ಟಿಲ್ಡೆನ್ ಮಿಲ್ಸ್, ಒರೆಗಾನ್
ನವೆಂಬರ್ 15, 1995

ಹೌಗನ್ ಅವರೇ,

ಗುರುತು ಸಿಗದೆ ಏನು! ಇಷ್ಟು ವರ್ಷ ಪಕ್ಕದಲ್ಲಿ ಕೂತ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ ಮಾಯವಾದರೆ ನೋಡಿದವರು ಏನೆಂದುಕೊಳ್ಳಬೇಕು? ಸತ್ತೇಹೋದರು ಎಂದುಕೊಂಡು ನಾನು ಪತ್ರಿಕೆಯ ನಿಧನವಾರ್ತೆಗಳನ್ನು ವಾರವಾರವೂ ಓದಿದೆ. ಸಲೂನಿನಲ್ಲಿ ತಲೆ ಒಡ್ಡಿ ಕೂತವರನ್ನೆಲ್ಲ ವಿಚಾರಿಸಿದೆ. ನನ್ನ ಗೆಳತಿ ವಿಲ್ಮಾ, "ಯಾರೇ ಅದು? ಮರದ ಲಾರಿ ಓಡಿಸ್ತಿದ್ದ ಮೂಕಪ್ಪನಾ?" ಎಂದಳು. ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲಿ ನಿಮಗಿರುವ ಹೆಸರೇ ಅದು.

ಪಾರ್ಕ್ ಚೆನ್ನಾಗಿದೆ. ಮೇಪಲ್ ಮರಗಳು ಊಟದ ತಟ್ಟೆಯಗಲದ ಎಲೆಗಳನ್ನು ಉದುರಿಸಿ ಮೇಜುಗಳೇ ಕಾಣದ ಹಾಗೆ ಮಾಡಿವೆ. ನನ್ನದನ್ನು ಕೈಯಲ್ಲಿ ಗುಡಿಸಿಕೊಂಡೆ. ನಿಮ್ಮದನ್ನೂ ಗುಡಿಸಿದೆ. ಯಾಕೆ ಎಂದು ಕೇಳಬೇಡಿ. ಪಾರ್ಕಿನ ಗೇಟು ತೆಗೆಯುವ ರಾಯ್ಸ್ ಬಂದು, "ಇವತ್ತೂ ನೀನೊಬ್ಳೇನಾ ಆರ್ಡಿಸ್?" ಎಂದ. ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹೊಳೆಯಲ್ಲಿ ಮೇಲೆ ಹತ್ತುತ್ತಿವೆ. ನೀರು ತೆಳ್ಳಗಿರುವಲ್ಲಿ ಅವುಗಳ ಬೆನ್ನು ಹೊರಗೇ ಕಾಣುತ್ತದೆ. ನೀವಿದ್ದಿದ್ದರೆ ಎಂದಿನಂತೆ ಒಂದನ್ನೂ ಹಿಡಿಯುತ್ತಿರಲಿಲ್ಲ.

ಒಂದು ಸಾಲು ಕೇಳಿದಿರಿ. ಒಂದು ಪುಟ ಆಯಿತು. ಕೂದಲು ಕತ್ತರಿಸುವವರ ಬಾಯಿ ಇಷ್ಟೇ.

ಆರ್ಡಿಸ್ ಕೀಲರ್


ಟೂಸಾನ್
ಡಿಸೆಂಬರ್ 10, 1995

ಶ್ರೀಮತಿ ಕೀಲರ್ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೋಲೀನ್, "ಅಪ್ಪಾ, ಒಬ್ಬೊಬ್ನೇ ಯಾಕೆ ನಗ್ತಿದೀಯ?" ಎಂದಳು. ಮೂಕಪ್ಪ ಎನ್ನುವ ಹೆಸರು ಗೊತ್ತಿರಲಿಲ್ಲ.

ನಾನು ಆ ಪಾರ್ಕನ್ನು ಮೊದಲು ನೋಡಿದ್ದು ಎದುರು ದಡದಿಂದ. ಕಾಡಿನಿಂದ ದಿಮ್ಮಿ ಹೇರಿಕೊಂಡು ಇಳಿಯುವಾಗ ತಿರುವಿನಲ್ಲಿ ಇಡೀ ಪಾರ್ಕ್ ಕೆಳಗೆ ಕಾಣುತ್ತಿತ್ತು. ಹುಲ್ಲು, ಹೊಗೆಯಾಡುವ ಒಲೆಗಳು, ನೀರಿನಲ್ಲಿ ಮಕ್ಕಳು. ಬ್ರೇಕ್ ಬಿಸಿಯಾಯಿತು ಎಂಬ ನೆಪ ಹೇಳಿ ಲಾರಿ ನಿಲ್ಲಿಸುತ್ತಿದ್ದೆ. ಹಾರ್ನ್ ಹೊಡೆದರೆ ಮಕ್ಕಳೆಲ್ಲ ಒಟ್ಟಿಗೆ ಕೈಬೀಸುತ್ತಿದ್ದರು. ನನ್ನ ಹೆಂಡತಿ ನೊರೀನ್ ಬದುಕಿದ್ದಾಗ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಲೇ ಇಲ್ಲ. ಭಾನುವಾರ ನಾನು ನಿದ್ದೆ ಮಾಡುತ್ತಿದ್ದೆ.

ಇನ್ನೂ ಬರೆಯಿರಿ. ಎಷ್ಟು ಉದ್ದವಾದರೂ ಸರಿ.

ಡೆಲ್ಬರ್ಟ್


ಟಿಲ್ಡೆನ್ ಮಿಲ್ಸ್
ಜನವರಿ 17, 1996

ಡೆಲ್ಬರ್ಟ್ ಅವರೇ,

ನೀವು ಹಾರ್ನ್ ಹೊಡೆದಾಗ ಕೈಬೀಸಿದ ಮಕ್ಕಳಲ್ಲಿ ನಾನಿರಲಾರೆ, ಅಷ್ಟು ಚಿಕ್ಕವಳಲ್ಲ. ಆದರೆ ಅದೇ ನೀರಿನಲ್ಲಿ ನಾನೂ ಈಜು ಕಲಿತವಳು. ಆಗ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದಂದು ಮರದ ಮಿಲ್ಲಿನವರ ಪಿಕ್ನಿಕ್ ಅಲ್ಲೇ. ಅಪ್ಪ ಕಲ್ಲಂಗಡಿ ಹಣ್ಣುಗಳನ್ನು ಹೊಳೆಯಲ್ಲಿಟ್ಟು ಸುತ್ತ ಕಲ್ಲು ಪೇರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮಂಜುಗಡ್ಡೆಯಷ್ಟು ತಣ್ಣಗೆ. ಒಂದು ವರ್ಷ ಕಲ್ಲು ಜಾರಿ ಹಣ್ಣುಗಳೆಲ್ಲ ತೇಲಿಕೊಂಡು ಹೊರಟವು ನೋಡಿ! ಮಿಲ್ಲಿನ ಗಂಡಸರೆಲ್ಲ ಬೂಟು ಸಮೇತ ನೀರಿಗೆ ಹಾರಿದರು. ಅಮ್ಮ ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದು ದಡದಲ್ಲೇ ನಿಂತು, "ಹಣ್ಣು ಹೋದ್ರೆ ಹೋಗ್ಲಿ, ನೀವು ಬನ್ರೋ!" ಎಂದು ಕೂಗುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಒಂದೇ ಹಣ್ಣು. ಆ ದಿನ ಇಷ್ಟಿಷ್ಟೇ ಹಂಚಿ ತಿಂದ ರುಚಿ ಮತ್ತೆ ಯಾವ ಕಲ್ಲಂಗಡಿಗೂ ಬರಲಿಲ್ಲ.

ನನ್ನ ಗಂಡ ಜೀನ್ ವಿಷಯ ನೀವು ಕೇಳಿಲ್ಲ, ಊರವರು ಹೇಳಿಯೇ ಇರುತ್ತಾರೆ. ನೆವಾಡಾಕ್ಕೆ ಕೆಲಸ ನೋಡಲು ಹೋದವನು ಅಲ್ಲೇ ಸಂಸಾರವನ್ನೂ ನೋಡಿಕೊಂಡ. ಅಂದಿನಿಂದ ಬುಧವಾರ ನಾನು ಸಲೂನ್ ತೆಗೆಯುವುದಿಲ್ಲ. ವಾರಕ್ಕೊಂದು ದಿನ ಯಾರ ತಲೆಯನ್ನೂ ಮುಟ್ಟದೆ, ಯಾರ ಕಥೆಯನ್ನೂ ಕೇಳದೆ ಕೂರಬೇಕು. ನೀವು ಮಾತಾಡದ ಮನುಷ್ಯರಾಗಿದ್ದುದು ನನಗೆ ಎಷ್ಟು ಹಾಯೆನಿಸುತ್ತಿತ್ತು ಗೊತ್ತೆ?

ಆರ್ಡಿಸ್


ಟೂಸಾನ್
ಫೆಬ್ರುವರಿ 13, 1996

ಆರ್ಡಿಸ್ ಅವರೇ,

ಟಿವಿಯಲ್ಲಿ ಒರೆಗಾನಿನ ಪ್ರವಾಹ ತೋರಿಸುತ್ತಿದ್ದಾರೆ. ದೊಡ್ಡ ಊರುಗಳ ವಿಷಯ ಮಾತ್ರ ಹೇಳುತ್ತಾರೆ. ನಮ್ಮ ಸಾಲ್ಟರ್ ಹೊಳೆಯ ಹೆಸರು ಯಾರೂ ಎತ್ತುವುದಿಲ್ಲ. ನಿಮ್ಮ ಮನೆ ಎತ್ತರದಲ್ಲಿದೆ ತಾನೇ? ಪಾರ್ಕ್ ಏನಾಯಿತು? ಬೇಗ ಬರೆಯಿರಿ.

ನಾನು ಚೆನ್ನಾಗಿದ್ದೇನೆ.

ಡೆಲ್ಬರ್ಟ್


ಟಿಲ್ಡೆನ್ ಮಿಲ್ಸ್
ಮಾರ್ಚ್ 6, 1996

ಡೆಲ್ಬರ್ಟ್ ಅವರೇ,

ಉತ್ತರ ತಡವಾಯಿತು, ಕ್ಷಮಿಸಿ. ನನ್ನ ಮನೆಗೆ ಏನೂ ಆಗಿಲ್ಲ. ಸಲೂನಿನ ಹಿಂಬಾಗಿಲಿಗೆ ಸ್ವಲ್ಪ ಕೆಸರು ಬಂತು, ವಿಲ್ಮಾ ಬಂದು ತೊಳೆದುಕೊಟ್ಟಳು.

ಪಾರ್ಕಿನಲ್ಲೂ ಹಾಗೆಯೇ. ಹುಲ್ಲಿನ ತನಕ ನೀರು ಬಂತು, ನೋಡಿತು, ಹೋಯಿತು. ಎಲ್ಲ ಇದ್ದಲ್ಲೇ ಇದೆ. ಪಿಕ್ನಿಕ್ ಮಂಟಪ, ಮಕ್ಕಳ ಉಯ್ಯಾಲೆ, ದೋಣಿ ಇಳಿಸುವ ಇಳಿಜಾರು, ನಿಮ್ಮ ಮೇಜು, ನನ್ನ ಮೇಜು. ಇವತ್ತು ಬಿಸಿಲು ಬಿದ್ದಿತ್ತು. ಬೂಟು ಬಿಚ್ಚಿ ಕೂತಿದ್ದೆ. ಮೀಂಚುಳ್ಳಿಯೊಂದು ಗದರಿಸುತ್ತ ಆಚೆಗೂ ಈಚೆಗೂ ಹಾರಿತು.

ನೀವು ಚಿಂತೆ ಮಾಡಬೇಡಿ. ಎದೆ ನೋಡಿಕೊಳ್ಳಿ.

ಆರ್ಡಿಸ್


ಟೂಸಾನ್
ಏಪ್ರಿಲ್ 9, 1996

ಆರ್ಡಿಸ್ ಅವರೇ,

ಎಲ್ಲ ಇದ್ದಲ್ಲೇ ಇದೆ ಎಂದು ಓದಿ ಸಮಾಧಾನವಾಯಿತು. ಉಯ್ಯಾಲೆಗೆ ಈ ವರ್ಷ ಬಣ್ಣ ಹೊಡೆದಿದ್ದಾರೆಯೇ? ಮಂಟಪದ ಹತ್ತಿರದ ದೊಡ್ಡ ಮೇಪಲ್ ಚಿಗುರಿತೆ? ಬೆಳಿಗ್ಗೆ ಗೇಟಿನಿಂದ ಒಳಗೆ ಬರುವಾಗ ಮೊದಲು ಏನು ಕಾಣುತ್ತದೆ, ಅಲ್ಲಿಂದ ಶುರು ಮಾಡಿ ಬರೆಯಿರಿ. ಅವಸರವಿಲ್ಲ. ನನಗೆ ಇಲ್ಲಿ ಬೇಕಾದಷ್ಟು ಸಮಯವಿದೆ.

ಡೆಲ್ಬರ್ಟ್


ಟಿಲ್ಡೆನ್ ಮಿಲ್ಸ್
ಮೇ 15, 1996

ಡೆಲ್ಬರ್ಟ್ ಅವರೇ,

ಸರಿ, ಗೇಟಿನಿಂದ ಶುರು ಮಾಡುತ್ತೇನೆ. ರಾಯ್ಸ್ ಸರಪಳಿ ಬಿಚ್ಚುವ ಸದ್ದು. ಜಲ್ಲಿಯ ಮೇಲೆ ಟೈರಿನ ಸದ್ದು. ಎಡಕ್ಕೆ ಕಾಡುಗುಲಾಬಿಯ ಪೊದೆ, ಅದರಾಚೆ ಇಬ್ಬನಿ ಬಿದ್ದ ಹುಲ್ಲು, ಅದರ ಮೇಲೆ ಯಾರೂ ನಡೆದಿಲ್ಲ, ನನ್ನದೇ ಮೊದಲ ಹೆಜ್ಜೆ. ಹುಲ್ಲು ದಾಟಿದ ಮೇಲೆ ಹೊಳೆ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಉಯ್ಯಾಲೆಗೆ ಹಸಿರು ಬಣ್ಣ ಹೊಡೆದಿದ್ದಾರೆ. ಮೇಪಲ್ ಚಿಗುರಿದೆ, ಹೂಗೊಂಚಲಿನ ತುಂಬ ಜೇನ್ನೊಣ. ದೊಡ್ಡ ಆಲ್ಡರ್ ಮರಕ್ಕೆ ಕಟ್ಟಿದ ಹಗ್ಗದಿಂದ ಹುಡುಗರು ಜೋತಾಡಿ ನೀರಿಗೆ ಬೀಳುತ್ತಿದ್ದಾರೆ. ಒಬ್ಬ ಹೆಂಗಸು ಬೋಗುಣಿ ಹಿಡಿದು ದಡದಲ್ಲಿ ನಿಂತು ಕೂಗುತ್ತಿದ್ದಾಳೆ. ಮಂಟಪದಲ್ಲಿ ಯಾರೋ ಅಕಾರ್ಡಿಯನ್ ನುಡಿಸುತ್ತಿದ್ದಾರೆ. ಮಾಂಸ ಸುಡುವ ಹೊಗೆ ನೀರಿನ ಮೇಲೆ ಮಲಗಿದೆ.

ಬರೆಯುತ್ತ ಕೂತು ಕಾಫಿ ಆರಿತು. ಇನ್ನು ಸಾಕು.

ಆರ್ಡಿಸ್


ಟೂಸಾನ್
ಜೂನ್ 25, 1996

ಆರ್ಡಿಸ್ ಅವರೇ,

ಈ ಪತ್ರ ಬರೆಯಲು ಮನಸ್ಸಿಲ್ಲ, ಆದರೆ ಬರೆಯಬೇಕು.

ಊರಿನ ವಾರಪತ್ರಿಕೆ ನನಗೆ ಅಂಚೆಯಲ್ಲಿ ಬರುತ್ತದೆ, ತಡವಾಗಿ. ಈ ವಾರ ಬಂದದ್ದರಲ್ಲಿ ಸುದ್ದಿ ಇದೆ. ಆಲ್ಡರ್ ಬೆಂಡನ್ನು ಮತ್ತೆ ತೆರೆಯುವುದಿಲ್ಲವಂತೆ, ಜಾಗ ಮಾರುತ್ತಾರಂತೆ. ಸೆಪ್ಟೆಂಬರಿನಲ್ಲಿ ಕೌಂಟಿ ಆಡಳಿತದವರ ಸಾರ್ವಜನಿಕ ಸಭೆ. ಇದುವರೆಗೆ ಯಾರೂ ಆಕ್ಷೇಪ ಎತ್ತಿಲ್ಲ ಎಂದು ಬರೆದಿದ್ದಾರೆ. ನೀವು ಎತ್ತಬೇಕು.

ಹೌದು, ನನಗೆ ಗೊತ್ತು. ಏಪ್ರಿಲಿನಿಂದ ಗೊತ್ತು. ಪ್ರವಾಹದ ವಾರದ ಪತ್ರಿಕೆಯ ಮುಖಪುಟದ ಫೋಟೋದಲ್ಲಿ ನಮ್ಮ ಮಂಟಪದ ಸೂರು ಸೇತುವೆಯ ಕಂಬಕ್ಕೆ ಒರಗಿತ್ತು. ಉಯ್ಯಾಲೆ ಮರದ ಕೊಂಬೆಯಲ್ಲಿ ಸಿಕ್ಕಿಕೊಂಡಿತ್ತು.

ನಾನೂ ಒಂದು ವಿಷಯ ಮುಚ್ಚಿಟ್ಟೆ. ಮಾರ್ಚ್ ಪೂರ್ತಿ ನಾನು ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದ ದಿನ ಜೋಲೀನ್ ಕೂಡಿಟ್ಟ ಅಂಚೆಯಲ್ಲಿ ನಿಮ್ಮ ಪತ್ರವೂ ಆ ಪತ್ರಿಕೆಯೂ ಒಟ್ಟಿಗೇ ಇದ್ದವು. ಎರಡನ್ನೂ ಓದಿದೆ. ಪತ್ರಿಕೆ ಮಡಿಸಿಟ್ಟೆ. ನಿಮ್ಮ ಪತ್ರ ದಿಂಬಿನ ಪಕ್ಕ ಇಟ್ಟುಕೊಂಡೆ. ಆಗ ನನಗೆ ಬೇಕಾಗಿದ್ದುದು ಫೋಟೋದ ಪಾರ್ಕ್ ಅಲ್ಲ.

ಡೆಲ್ಬರ್ಟ್


ಟಿಲ್ಡೆನ್ ಮಿಲ್ಸ್
ಜುಲೈ 31, 1996

ಹೌಗನ್ ಅವರಿಗೆ,

ಒಂದು ತಿಂಗಳು ಉತ್ತರಿಸಲಿಲ್ಲ. ಮುಖ ತೋರಿಸಲು ಮಾತ್ರವಲ್ಲ, ಪತ್ರ ಬರೆಯಲೂ ನಾಚಿಕೆಯಾಗುತ್ತದೆಂದು ಈಗ ತಿಳಿಯಿತು.

"ಉಯ್ಯಾಲೆಗೆ ಬಣ್ಣ ಹೊಡೆದಿದ್ದಾರೆಯೇ?" ಎಂದು ಕೇಳಿದಿರಲ್ಲ, ಕೊಂಬೆಯಲ್ಲಿ ನೇತಾಡುವ ಉಯ್ಯಾಲೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು! ನಾನು ಹಸಿರು ಎಂದು ಬರೆದೆ. ತಂದೆ ಮಗಳು ಕೂತು ಓದಿ ಎಷ್ಟು ನಕ್ಕಿರೋ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆ ಹಗ್ಗ, ಆ ಅಕಾರ್ಡಿಯನ್, ಅವೆಲ್ಲ ನಾನು ಲಂಗ ಹಾಕುತ್ತಿದ್ದ ಕಾಲದವು, ಗೊತ್ತು. ಅವತ್ತು ಬರೆಯುತ್ತ ಹೋದಂತೆ ತಾವೇ ಬಂದವು.

ಸುಳ್ಳು ಹೇಳಿದ್ದು ನಿಮಗೆ ಮೋಸ ಮಾಡಲಿಕ್ಕಲ್ಲ. ನೀವು ಆ ಜಾಗವನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿದ್ದೀರಿ. ಒಂದು ಕಡೆಯಾದರೂ ಅದು ಮುಳುಗದೆ ಉಳಿಯಲಿ ಎಂದುಕೊಂಡೆ. ಬುಧವಾರ ಬುಧವಾರ ನಾನು ಈಗಲೂ ಹೋಗುತ್ತೇನೆ. ಅಡ್ಡಗಟ್ಟಿದ ಗೇಟಿನ ಹೊರಗೆ ಕಾರಿನಲ್ಲೇ ಕೂತು ಸ್ಯಾಂಡ್‌ವಿಚ್ ತಿಂದು ಬರುತ್ತೇನೆ. ಪ್ರವಾಹದ ನಂತರದ ಪತ್ರಗಳನ್ನೆಲ್ಲ ಬರೆದದ್ದು ಅಲ್ಲೇ, ಸ್ಟೀರಿಂಗಿನ ಮೇಲಿಟ್ಟುಕೊಂಡು.

ಸಭೆಗೆ ಹೋಗುವುದಿಲ್ಲ. ಇಲ್ಲದ ಪಾರ್ಕಿನ ಬಗ್ಗೆ ಸಾಕಷ್ಟು ಮಾತಾಡಿಯಾಗಿದೆ.

ಆರ್ಡಿಸ್ ಕೀಲರ್


ಟೂಸಾನ್
ಆಗಸ್ಟ್ 8, 1996

ಆರ್ಡಿಸ್ ಅವರೇ,

ನಗಲಿಲ್ಲ. ಮೇ ತಿಂಗಳ ಪತ್ರವನ್ನು ಜೋಲೀನಳಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನಗೆ ಕೇಳಿಸದಿರಲಿ ಎಂದು.

ನನಗೆ ಮಾತು ಬರುವುದಿಲ್ಲ. ತಪ್ಪಾಯಿತು. ಕೌಂಟಿಗೆ ನಾನೇ ಒಂದು ಪತ್ರ ಹಾಕಿದ್ದೇನೆ. ಸಭೆಯಲ್ಲಿ ಓದುತ್ತಾರಂತೆ. ನೀವು ಹೋಗದಿದ್ದರೆ ಕೇಳುವವರು ಯಾರು?

ಡೆಲ್ಬರ್ಟ್


ಟಿಲ್ಡೆನ್ ಮಿಲ್ಸ್
ಸೆಪ್ಟೆಂಬರ್ 11, 1996

ಡೆಲ್,

ಇನ್ನು ಮೇಲೆ ನಿನಗೆ 'ನೀನು' ಎಂದೇ ಬರೆಯುತ್ತೇನೆ. ಇಡೀ ಕೌಂಟಿಯ ಮುಂದೆ ನನ್ನ ಮಾನ ಕಳೆದವನಿಗೆ ಬಹುವಚನ ಬೇರೆ ಕೇಡು.

ನಿನ್ನೆ ಸಭೆ. ಹೋಗಬಾರದೆಂದಿದ್ದೆ. ವಿಲ್ಮಾ ಕೇಳಬೇಕಲ್ಲ! "ನಡಿಯೇ, ಉಚಿತವಾಗಿ ಕಾಫಿ ಕೊಡ್ತಾರೆ" ಎಂದು ಎಳೆದುಕೊಂಡು ಹೋದಳು. ನನ್ನ ಎಣಿಕೆ ಮೀರಿ ಜನ ಸೇರಿದ್ದರು. ಆದರೆ ಎದ್ದು ಮಾತಾಡಿದವರು ಕಡಿಮೆ. ರಾಯ್ಸ್ ಎದ್ದು ಟೋಪಿ ಹಿಸುಕುತ್ತ, "ನಂಗೆ ಆ ಗೇಟು ತೆಗ್ದು ತೆಗ್ದು ಅಭ್ಯಾಸ" ಎಂದಷ್ಟೇ ಹೇಳಿ ಕೂತ. ಅಧ್ಯಕ್ಷ ಗಡಿಯಾರ ನೋಡಿದ. ಆಗ ಗುಮಾಸ್ತೆ ಹುಡುಗಿ, "ಅರಿಜೋನಾದಿಂದ ಒಂದು ಪತ್ರ ಬಂದಿದೆ" ಎಂದು ಎದ್ದು ನಿಂತಳು.

ಹೆಂಡತಿ ತೀರಿಹೋದ ಮೇಲೆ ಯಾರೊಂದಿಗೂ ಮಾತಾಡದೆ ಇದ್ದೆ ಎಂದು ಬರೆದಿದ್ದೀಯ. ಒಂದು ಬುಧವಾರ ಸುಮ್ಮನೆ ಆಲ್ಡರ್ ಬೆಂಡಿಗೆ ಹೋದಾಗ ಪಕ್ಕದ ಮೇಜಿನಲ್ಲಿ ಒಬ್ಬ ಹೆಂಗಸು ಬೂಟು ಬಿಚ್ಚಿ, ಕಾಲು ಚಾಚಿ, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು ಎಂದು. ಮುಂದಿನ ಬುಧವಾರವೂ ಹೋದೆ ಎಂದು. ಅಲ್ಲಿಯವರೆಗೆ ಆ ಹುಡುಗಿ ಸಲೀಸಾಗಿ ಓದಿದಳು. ಆಮೇಲೆ ಅವಳ ದನಿಯೇ ಬದಲಾಯಿತು.

"ಸುಮ್ಮನೆ ಕೂತರೆ ತಪ್ಪು ತಿಳಿದಾರೆಂದು ಒಂದು ಗಾಳ ಕೊಂಡೆ. ನನಗೆ ಮೀನು ಸೇರುವುದಿಲ್ಲ. ಕೊಕ್ಕೆಗೆ ಹುಳು ಸಿಕ್ಕಿಸುತ್ತಲೂ ಇರಲಿಲ್ಲ. ಪಾರ್ಕಿನಿಂದ ಕೌಂಟಿಗೆ ಏನು ಲಾಭ ಎಂದು ಕೇಳಿದ್ದೀರಿ. ಹೋಟೆಲಿಗೆ ಹೋದರೆ ಏನಾದರೂ ಕೊಳ್ಳಬೇಕು. ಚರ್ಚಿಗೆ ಹೋದರೆ ಏನಾದರೂ ನಂಬಬೇಕು. ಮಾತು ಬಾರದವನು ಇನ್ನೊಬ್ಬರ ಹತ್ತಿರ ಸುಮ್ಮನೆ ಕೂತು ಬರಬಹುದಾದ ಜಾಗ ಆ ಊರಿನಲ್ಲಿ ಅದೊಂದೇ. ನಾನು ಬದುಕಿದ್ದು ಅಲ್ಲಿ ಕೂತೇ."

ಆಗ ವಿಲ್ಮಾ, ಆ ಪಾಪಿ, ಗಟ್ಟಿಯಾಗಿ, "ಆರ್ಡಿಸ್! ಬೂಟು ಬಿಚ್ಚಿ ಕೂರೋದು ನೀನೇ ಅಲ್ವೇನೇ?" ಎಂದಳು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ಅವುಗಳಲ್ಲಿ ಅರ್ಧ ನಾನೇ ಕತ್ತರಿಸಿದ ತಲೆಗಳು! ನಗು, ಚಪ್ಪಾಳೆ. ಅಧ್ಯಕ್ಷ ಮೇಜು ಕುಟ್ಟಿದ.

ನಾನು ಎದ್ದು ನಿಂತೆ. "ಹೌದು, ನಾನೇ" ಎಂದೆ. "ಇನ್ನೂ ಬಿಚ್ಚಿ ಕೂರಬೇಕು ಅಂತಿದೀನಿ. ಜಾಗ ಕೊಡ್ತೀರೋ ಇಲ್ವೋ ಹೇಳಿ." ಅದಕ್ಕಿಂತ ಒಳ್ಳೆಯ ಭಾಷಣ ನನಗೆ ಬರಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಹತ್ತು ಒಳ್ಳೆಯ ಭಾಷಣಗಳು ಹೊಳೆದವು.

ಕೌಂಟಿ ಸಮಿತಿಯ ಮೂವರಲ್ಲಿ ಇಬ್ಬರು ನಮ್ಮ ಕಡೆ ಕೈ ಎತ್ತಿದರು. ಮಂಟಪ ಇಲ್ಲ, ಉಯ್ಯಾಲೆ ಇಲ್ಲ, ಕೆಳಗಿನ ಹುಲ್ಲು ಹೊಳೆಗೇ ಬಿಟ್ಟದ್ದು. ಮೇಲಿನ ಭಾಗ ಮಾತ್ರ, ಬೆಳಿಗ್ಗೆಯಿಂದ ಸಂಜೆಯವರೆಗೆ. ಚೊಕ್ಕಟ ಮಾಡುವ ಕೆಲಸ ಊರವರದು. ಸಾಕಷ್ಟಾಯಿತು.

ಡೆಲ್, ಇಷ್ಟು ವರ್ಷ ಹುಳುವಿಲ್ಲದ ಕೊಕ್ಕೆಯನ್ನು ನೀರಿಗೆ ಹಾಕಿಕೊಂಡು ಕೂತಿದ್ದೆಯಾ? ಒಂದು ಮಾತು ಆಡಬಾರದಿತ್ತೆ?

ಆರ್ಡಿಸ್


ಟೂಸಾನ್
ಸೆಪ್ಟೆಂಬರ್ 22, 1996

ಆರ್ಡಿಸ್,

ಆಡಬಹುದಿತ್ತು. ಮಾತಾಡದವನು ಪಕ್ಕದಲ್ಲಿದ್ದರೆ ನಿನಗೆ ಹಾಯೆನಿಸುತ್ತದೆ ಎಂದು ಆಗಲೇ ಅನ್ನಿಸಿತ್ತು. ಜನವರಿಯಲ್ಲಿ ನೀನೇ ಅದನ್ನು ಬರೆದೆ. ಅದನ್ನು ಕೆಡಿಸಲು ಧೈರ್ಯ ಬರಲಿಲ್ಲ.

ಬರಬೇಕೆಂದು ಟಿಕೇಟಿನ ವಿಚಾರ ಎತ್ತಿದೆ. ಡಾಕ್ಟರು ಅಲ್ಲಿಯ ಚಳಿಗಾಲದ ಮಳೆ ಮುಗಿಯುವ ತನಕ ಬೇಡವೇ ಬೇಡ ಎಂದರು. ಮುಂದಿನ ಜುಲೈ, ಆಗಸ್ಟ್ ಆದರೆ ನೋಡೋಣ ಎಂದರು. ನಿಜ ಹೇಳುತ್ತೇನೆ, ಚೆನ್ನಾಗಿದ್ದೇನೆ ಎಂದು ಇದುವರೆಗೆ ಬರೆದ ಪತ್ರಗಳಲ್ಲಿ ಅರ್ಧ ಸುಳ್ಳು. ನಡೆಯುತ್ತೇನೆ, ಮೆಲ್ಲಗೆ. ಮೆಟ್ಟಿಲು ಹತ್ತಲಾರೆ.

ಮನೆಯ ಹತ್ತಿರ ಇಲ್ಲೊಂದು ನದಿ ಇದೆ, ರಿಲೀಟೊ ಎಂದು ಹೆಸರು. ನೀರಿಲ್ಲ. ವರ್ಷದ ಬಹುಪಾಲು ಬರೀ ಮರಳು. ಹಾಗಿದ್ದೂ ದಡದಲ್ಲಿ ಕೌಂಟಿಯವರು ಪಾರ್ಕ್ ಮಾಡಿದ್ದಾರೆ. ಮೊದಲ ಸಲ ನೋಡಿ ನಗು ಬಂತು. ಈಗ ಸಂಜೆ ಅಲ್ಲಿಗೇ ಹೋಗುತ್ತೇನೆ. ಜನ ನಾಯಿ ಹಿಡಿದು ನಡೆಯುತ್ತಾರೆ. ಮೆಕ್ಸಿಕೊ ಕಡೆಯ ಸಂಸಾರಗಳು ಭಾನುವಾರ ಒಲೆ ಹೊತ್ತಿಸುತ್ತವೆ. ಬೆಟ್ಟ ಕೆಂಪಾಗುತ್ತದೆ. ಚಳಿಗಾಲದಲ್ಲಿ ಇಲ್ಲಿಯ ಬಿಸಿಲು ತುಂಬ ಹಿತ.

ಜೋಲೀನಳ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಇದನ್ನು ಬರೆ ಎಂದು ಹೇಳಿದವಳು ಅವಳು. ಬರೆಯಬೇಕೆಂದು ಕಾಯುತ್ತಿದ್ದವನು ನಾನು.

ಡೆಲ್


ಟಿಲ್ಡೆನ್ ಮಿಲ್ಸ್
ಅಕ್ಟೋಬರ್ 16, 1996

ಡೆಲ್,

ಇವತ್ತು ಗೇಟು ತೆಗೆದರು. ಈ ಸಲ ಬಣ್ಣ ಹಚ್ಚದೆ ಬರೆಯುತ್ತೇನೆ. ಪಾರ್ಕ್ ನೋಡಲು ಚೆನ್ನಾಗಿಲ್ಲ. ಹುಲ್ಲಿದ್ದಲ್ಲಿ ಕಲ್ಲುಗುಂಡುಗಳ ಹಾಸು. ದೊಡ್ಡ ಮೇಪಲ್ ಬೇರು ಮೇಲಾಗಿ ಬಿದ್ದಿದೆ. ಅದನ್ನು ಕಡಿಯಲು ರಾಯ್ಸ್ ಬಿಡಲಿಲ್ಲ, ಮಕ್ಕಳು ಅದರ ಮೇಲೆ ಹತ್ತಿ ಆಡುತ್ತಿವೆ. ಹೊಳೆ ತನ್ನ ಜಾಗ ಬದಲಿಸಿದೆ. ನಾವು ಕೂರುತ್ತಿದ್ದ ಕಡೆ ಈಗ ಅದು ಹರಿಯುತ್ತದೆ, ಏನೂ ಆಗಿಲ್ಲವೆಂಬಂತೆ. ಮೇಲುಗಡೆ ಹೊಸ ಮೇಜು ಹಾಕಿದ್ದಾರೆ, ಮರ ಇನ್ನೂ ಹಸಿ ವಾಸನೆ ಹೊಡೆಯುತ್ತದೆ. ಅಲ್ಲಿ ಒಬ್ಬಳೇ ಕೂತೆ. ಎಲ್ಲ ಹೋಯಿತಲ್ಲ ಎಂದು ಅಳು ಬಂತು. ಅತ್ತೆ. ಆಮೇಲೆ ಹಸಿವಾಯಿತು, ತಿಂದೆ.

ನಾನು ಈ ರಾಜ್ಯದ ಗಡಿ ದಾಟಿದವಳಲ್ಲ. ಜೀನ್ ದಾಟಿ ಹೋದ ಮೇಲೆ ದಾಟುವ ಆಸೆಯೂ ಇರಲಿಲ್ಲ. ಬಸ್ಸಿನವರನ್ನು ವಿಚಾರಿಸಿದೆ. ನವೆಂಬರ್ ಮೊದಲ ವಾರ ಹೊರಡುತ್ತೇನೆ. ನಿನ್ನ ನೀರಿಲ್ಲದ ನದಿಯನ್ನು ನೋಡಬೇಕು. ನಿನ್ನ ಕೂದಲು ಯಾರು ಕತ್ತರಿಸುತ್ತಿದ್ದಾರೋ, ಅದನ್ನೂ ನೋಡಬೇಕು.

"ಪಾರ್ಕ್ ಉಳಿಸ್ಕೊಂಡು ನೀನೇ ಹೊರಟ್ಯಲ್ಲ, ಇದ್ಯಾವ ನ್ಯಾಯ?" ಎಂದು ರಾಯ್ಸ್ ಮುನಿಸಿಕೊಂಡಿದ್ದಾನೆ. ಬೇಸಿಗೆಗೆ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಸಲೂನಿನ ಬೀಗದ ಕೈಯನ್ನೂ ಬೆಕ್ಕನ್ನೂ ವಿಲ್ಮಾಳಿಗೆ ಒಪ್ಪಿಸಿದೆ. ಅವಳು ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು, "ಜುಲೈಗೆ ವಾಪಸ್ ಬರ್ತೀಯ ತಾನೇ? ನಿಜ ಹೇಳೇ" ಎಂದಳು.

"ಬರ್ತೀನಿ ಕಣೇ" ಎಂದೆ. "ಒಬ್ಳೇ ಬಂದ್ರೆ ಮಾತ್ರ ಬಾಗ್ಲು ತೆಗೀಬೇಡ."

ಆರ್ಡಿಸ್